ಉಸಿರಾಡಲು ಬಿಟ್ಟ ವೈನು

ಹುಳಿಗೆ ಯಾವ ವೈನು, ಸಾರಿಗೆ ಯಾವ ವೈನು ಎಂದು ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲ ಗೃಹಸ್ಥರು ದೆಹಲಿಯ ಇಡೀ ದ್ವಾರಕಾ ಬಡಾವಣೆಯಲ್ಲಿ ಒಬ್ಬರೇ ಇದ್ದರು. ಅದು ನಾನು. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದದ್ದು ವಿಷಾದದ ಸಂಗತಿ. ಏನು ಮಾಡುವುದು, ನಮ್ಮ ಮನೆಯಲ್ಲಿ ಬೇರೆ ಯಾರೂ ಹೇಳುತ್ತಿರಲಿಲ್ಲ.

ಈ ಪಾಂಡಿತ್ಯ ನನಗೆ ದಕ್ಕಿದ್ದು ಗುರುಗ್ರಾಮದ ಒಂದು ಹೋಟೆಲಿನಲ್ಲಿ, ಒಂದೇ ಸಂಜೆಯಲ್ಲಿ. ನಾನು ಕೇಂದ್ರ ಸರ್ಕಾರದ ಒಂದು ಮಂತ್ರಾಲಯದಲ್ಲಿ ಅಂಡರ್ ಸೆಕ್ರೆಟರಿ. ಪಕ್ಕದ ಸೆಕ್ಷನ್ನಿನ ಚಂದ್ರಮೋಹನ ಎಲ್ಲಿಂದಲೋ ವೈನು ರುಚಿ ನೋಡುವ ಕೂಟಕ್ಕೆ ಎರಡು ಪಾಸು ಸಂಪಾದಿಸಿ ನನ್ನನ್ನೂ ಅಲ್ಲಿಗೆ ಎಳೆದುಕೊಂಡು ಹೋದ. ಕಪ್ಪು ಕೋಟಿನ ಮಹಾಶಯನೊಬ್ಬ ಗ್ಲಾಸನ್ನು ಹೇಗೆ ತಿರುಗಿಸಬೇಕು, ಮೂಗನ್ನು ಎಷ್ಟು ಒಳಗೆ ಇಳಿಸಬೇಕು, ಬಾಯಲ್ಲಿ ಹೇಗೆ ಮುಕ್ಕಳಿಸಬೇಕು ಎಂದೆಲ್ಲ ತೋರಿಸಿ, ಕೊನೆಗೆ ಬಕೆಟ್ಟಿಗೆ ಉಗುಳಿ ಎಂದ. ನಾನು ಉಗುಳಲಿಲ್ಲ. ಸರ್ಕಾರಿ ನೌಕರ, ಬಾಯಿಗೆ ಬಂದದ್ದನ್ನು ವಾಪಸು ಕೊಡುವ ಅಭ್ಯಾಸವಿಲ್ಲ. ಮೂರನೆಯ ಗ್ಲಾಸಿನ ಹೊತ್ತಿಗೆ ನಾನು ಕಣ್ಣು ಮುಚ್ಚಿ, "ಮಳೆ ನಿಂತ ಮೇಲಿನ ಹುಲ್ಲು" ಎಂದೆ. "ಎಕ್ಸಲೆಂಟ್ ಪ್ಯಾಲೆಟ್, ಸರ್" ಎಂದಿತು ಕಪ್ಪು ಕೋಟು. ಇಷ್ಟು ವರ್ಷದ ನೌಕರಿಯಲ್ಲಿ ನನ್ನ ನಾಲಿಗೆಯನ್ನಿರಲಿ, ಯಾವ ಅಂಗವನ್ನೂ ಯಾರೂ ಎಕ್ಸಲೆಂಟ್ ಎಂದವರಿಲ್ಲ. ಇನ್ನು ಮುಂದೆ ನಮ್ಮ ಮನೆಯ ಪ್ರತಿ ಭಾನುವಾರದ ಊಟವೂ ಒಂದು ವೈನಿನ ಕೈ ಹಿಡಿದೇ ಬರತಕ್ಕದ್ದು ಎಂದು ನಾನು ಅಲ್ಲೇ ಆದೇಶ ಹೊರಡಿಸಿಕೊಂಡೆ.

ನನ್ನ ಹೆಂಡತಿ ಜಲಜಾಳ ತವರು ಪುತ್ತೂರಿನ ಕಡೆ. ಆದೇಶವನ್ನು ಅವಳಿಗೆ ತಿಳಿಸಿದಾಗ ಅವಳು ತೆಂಗಿನಕಾಯಿ ತುರಿಯುತ್ತಿದ್ದಳು.

"ಊಟದ ಜೊತೆ ಅದು ಎಂತಕ್ಕೆ ಮಾರಾಯ್ರೆ? ನೀರು ಉಂಟಲ್ಲ."

"ಜಲಜಾ, ಇದು ಕುಡಿತ ಅಲ್ಲ. ಪೇರಿಂಗ್. ಅಡುಗೆಗೂ ವೈನಿಗೂ ಜಾತಕ ಕೂಡಿಸೋದು."

"ನಮ್ಮ ಜಾತಕ ಕೂಡಿಸಿದವರೂ ಎಂತದೋ ಕುಡಿದಿದ್ದರು ಅಂತ ನನಗೆ ಮೊದಲಿಂದ ಅನುಮಾನ," ಎಂದು ಅವಳು ತುರಿಯುವುದನ್ನು ಮುಂದುವರಿಸಿದಳು.

ಮುಂದಿನ ಭಾನುವಾರಗಳೆಲ್ಲ ಸಂಶೋಧನೆಗೆ ಮೀಸಲಾದವು. ಬಿಳಿ ವೈನು ಮೀನಿಗೆ, ಕೆಂಪು ವೈನು ಮಾಂಸಕ್ಕೆ ಎಂದು ಬಲ್ಲವರು ಹೇಳಿಟ್ಟಿದ್ದಾರೆ. ತೊಂಡೆಕಾಯಿ ಪಲ್ಯದ ವಿಷಯ ಬಂದ ತಕ್ಷಣ ಅವರೆಲ್ಲ ಗಪ್ ಚಿಪ್. ಹಾಗಾಗಿ ಆ ಗುರುತರ ಹೊಣೆ ನನ್ನ ಹೆಗಲಿಗೆ ಬಿತ್ತು. ಬಿಸಿಬೇಳೆಭಾತಿನ ಜೊತೆ ಕೆಂಪು ವೈನು ಕುಡಿದ ದಿನ ನನ್ನ ಕಿವಿಗಳಿಂದ ಹೊಗೆ ಬಂತು. ಅದನ್ನು ನಾನು 'ರುಚಿಗಳ ಸಂವಾದ' ಎಂದು ಕರೆದೆ. ಮಜ್ಜಿಗೆಹುಳಿಯ ಮೇಲೆ ಬಿಳಿ ವೈನು ಇಳಿಸಿದ ದಿನ ಹೊಟ್ಟೆಯೊಳಗೆ ಅವೆರಡೂ ಸಭೆ ಸೇರಿ ಏನು ಠರಾವು ಪಾಸು ಮಾಡಿದವೋ, ಸೋಮವಾರ ಆಫೀಸಿಗೆ ರಜೆ ಹಾಕಬೇಕಾಯಿತು.

"ಮಜ್ಜಿಗೆಹುಳಿಯ ವಿಷಯ ಇನ್ನೂ ಪರಿಶೀಲನೆಯಲ್ಲಿದೆ," ಎಂದೆ ನಾನು ಗಂಭೀರವಾಗಿ.

"ಗೊತ್ತುಂಟು. ಬೆಳಿಗ್ಗೆಯಿಂದ ಬಾತ್‌ರೂಮಿನ ಬಾಗಿಲು ಹಾಕಿಕೊಂಡೇ ಉಂಟು," ಎಂದಳು ಜಲಜಾ.

ಇದೆಲ್ಲ ನನ್ನ ಹೊಟ್ಟೆಯ ಮಟ್ಟಿಗೇ ಮುಗಿದಿದ್ದರೆ ಲೋಕಕ್ಕೆ ನಷ್ಟವಿರಲಿಲ್ಲ. ಅಷ್ಟರಲ್ಲಿ ಮಗಳು ನಿಹಾರಿಕಾಳ ಮದುವೆಯ ಮಾತು ಬಂತು. ಹುಡುಗ ಅನೀಶ್, ಡಾಕ್ಟರು, ಅವಳೇ ಮೆಚ್ಚಿದವನು. ನಮಗೂ ಒಪ್ಪಿಗೆ. ಅವನ ತಂದೆ ಶ್ರೀವತ್ಸ ರಾಯರು ವಿದೇಶಾಂಗ ಖಾತೆಯಲ್ಲಿದ್ದು, ಹತ್ತು ವರ್ಷ ಯುರೋಪಿನ ರಾಯಭಾರ ಕಚೇರಿಗಳಲ್ಲಿ ದುಡಿದು ನಿವೃತ್ತರಾದವರು. ತಾಯಿ ಮನೋರಮಾ. ಇಬ್ಬರೂ ಗ್ರೇಟರ್ ನೋಯ್ಡಾದಿಂದ ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಬರುವುದು, ಮನೆ ಮಂದಿಯನ್ನು ನೋಡುವುದು, ಆಮೇಲೆ ಹೂಂ ಅಥವಾ ಉಹೂಂ ಎನ್ನುವುದು ಎಂದು ನಿಶ್ಚಯವಾಯಿತು. ಅನೀಶನಿಗೆ ಆ ದಿನ ಆಸ್ಪತ್ರೆಯ ಡ್ಯೂಟಿ. ಅಮ್ಮ ಹೂಂ ಎಂದರೆ ಮಾತ್ರ ಮದುವೆ ಎಂದು ಅವನು ನಿಹಾರಿಕಾಳಿಗೆ ಮೊದಲೇ ಹೇಳಿಬಿಟ್ಟಿದ್ದ. ಹೀಗೆ ನನ್ನ ಒಬ್ಬಳೇ ಮಗಳ ಬಾಳು ಮನೋರಮಾ ಅವರ ಒಂದೇ ಒಂದು ಹೂಂ ಮೇಲೆ ನಿಂತಿತ್ತು.

"ಪಪ್ಪಾ, ಪ್ಲೀಸ್, ಉಸ್ ದಿನ್ ವೈನ್ ಮತ್ ನಿಕಾಲ್ನಾ," ಎಂದಳು ದೆಹಲಿಯಲ್ಲೇ ಬೆಳೆದ ನಿಹಾರಿಕಾ. "ಆವತ್ತು ಅದನ್ನ ತೆಗೀಲೇಬೇಡಿ. ಆಂಟಿಗೆ ಸಿಂಪಲ್ ಊಟ ಇಷ್ಟ ಅಂತೆ. ಅನೀಶ್ ನೇ ಬೋಲಾ."

"ಮಗಳೇ, ಹತ್ತು ವರ್ಷ ಯುರೋಪಿನಲ್ಲಿದ್ದವರು ಸಿಂಪಲ್ ಅಂದ್ರೆ ಅದು ನಮ್ಮನ್ನ ಪರೀಕ್ಷೆ ಮಾಡೋದಕ್ಕೆ. ಇವರು ಬರೀ ಅನ್ನ ಸಾರಿನ ಗಿರಾಕಿಗಳು ಅಂತ ಅವರಿಗೆ ಅನ್ನಿಸಬಾರದು."

"ನಾವು ಅನ್ನ ಸಾರಿನ ಗಿರಾಕಿಗಳೇ ಅಲ್ವಾ?" ಎಂದಳು ಜಲಜಾ.

"ಗಿರಾಕಿಗಳೇ. ಆದರೆ ಕಾಣಿಸಿಕೋಬಾರದು."

ಜಲಜಾ ಒಂದೇ ಷರತ್ತು ಹಾಕಿದಳು. "ನಿಮ್ಮ ಬಾಟ್ಲಿ ನನ್ನ ಅಡುಗೆಮನೆಗೆ ಕಾಲಿಡಬಾರದು. ಅಲ್ಲಿ ದೇವರ ಗೂಡು ಉಂಟು. ಆಮೇಲೆ ನಿಮ್ಮಿಷ್ಟ."

ಅವಳ ಅಡುಗೆ ನಿರ್ಧಾರವಾಗಿತ್ತು. ಕೋಸಂಬರಿ, ತೊಂಡೆಕಾಯಿ ಪಲ್ಯ, ಚಪಾತಿ, ಅನ್ನ, ಪುನರ್ಪುಳಿ ಸಾರು, ಮೊಸರು, ಪಾಯಸ. ಪುನರ್ಪುಳಿ ಎಂದರೆ ಕರಾವಳಿಯ ಕೆಂಪು ಹುಳಿಹಣ್ಣು, ಉಳಿದವರು ಕೋಕಂ ಎನ್ನುತ್ತಾರೆ. ಅದರ ಒಣಸಿಪ್ಪೆಯನ್ನು ಬೆಲ್ಲ, ಉಪ್ಪು, ಸೀಳಿದ ಹಸಿಮೆಣಸಿನ ಜೊತೆ ಕುದಿಸಿ ಸೋಸಿದರೆ ನೀರಿನಷ್ಟು ತೆಳ್ಳಗಿನ, ಕಡುಗೆಂಪು ಬಣ್ಣದ ಸಾರು. ಜಲಜಾ ಅದನ್ನು ಬೆಳಿಗ್ಗೆಯೇ ಮಾಡಿ ಮುಚ್ಚಿಟ್ಟು, ಬಡಿಸುವ ಹೊತ್ತಿಗೆ ಸರಿಯಾಗಿ ಬೆಚ್ಚಗೆ ಮಾಡಿ ಒಗ್ಗರಣೆ ಕೊಡುತ್ತಾಳೆ. ಇನ್ನೊಂದು ವಿಷಯ. ಬಡಿಸುವ ಮೊದಲು ಅವಳು ಯಾವ ಅಡುಗೆಯನ್ನೂ ನಾಲಿಗೆಗೆ ಮುಟ್ಟಿಸುವುದಿಲ್ಲ, ಎಂಜಲಾಗುತ್ತದೆ. ಉಪ್ಪು ಸರಿಯಿದೆಯೇ ಎಂದು ಮೂಗಿನಲ್ಲೇ ಹೇಳುತ್ತಾಳೆ. ಅವಳ ತಾಯಿಯೂ ಹಾಗೆಯೇ ಹೇಳುತ್ತಿದ್ದರಂತೆ.

ಆದರೆ ಆ ಭಾನುವಾರ ಅವಳಿಗೆ ಮೂಗೇ ಇರಲಿಲ್ಲ. ನನಗೂ ಇರಲಿಲ್ಲ. ದೀಪಾವಳಿ ಮುಗಿದ ವಾರ ದೆಹಲಿಯಲ್ಲಿ ಯಾರಿಗೂ ಇರುವುದಿಲ್ಲ. ಪಟಾಕಿ, ಸುತ್ತಲ ಗದ್ದೆಗಳಲ್ಲಿ ಸುಟ್ಟ ಹುಲ್ಲು, ಕಾರುಗಳ ಹೊಗೆ ಎಲ್ಲ ಸೇರಿ ಎದುರಿನ ಟವರ್ ಕಾಣುತ್ತಿರಲಿಲ್ಲ. ಮನೆಯಲ್ಲಿ ಮೂವರೂ ಬಾಯಲ್ಲಿ ಉಸಿರಾಡಿಕೊಂಡು, 'ಮ'ಕಾರವನ್ನೆಲ್ಲ 'ಬ'ಕಾರ ಮಾಡಿಕೊಂಡು ಓಡಾಡುತ್ತಿದ್ದೆವು. ವೈನಿನ ವಿದ್ಯೆ ಮುಕ್ಕಾಲು ಪಾಲು ಮೂಗಿನದು ಎಂದು ಕಪ್ಪು ಕೋಟು ಹೇಳಿದ್ದು ನೆನಪಾಯಿತು. ಉಳಿದ ಕಾಲು ಪಾಲಿನಲ್ಲಿ ನಿಭಾಯಿಸಬಲ್ಲೆ ಎಂಬ ಧೈರ್ಯ ನನಗಿತ್ತು. ಮೊದಲೇ ಎಕ್ಸಲೆಂಟ್ ನಾಲಿಗೆ.

ಕೆಂಪು ವೈನನ್ನು ಬಾಟಲಿಯಿಂದ ಅಗಲ ಬಾಯಿಯ ಪಾತ್ರೆಗೆ ಬಗ್ಗಿಸಿ, ಒಂದೆರಡು ಗಂಟೆ ಉಸಿರಾಡಲು ಬಿಡಬೇಕು. ಹಾಗೆ ಬಿಟ್ಟರೆ ಅದರ ಗುಣ ಅರಳುತ್ತದಂತೆ. ಅದಕ್ಕೆಂದೇ ಗಾಜಿನ ಹೂಜಿ ಸಿಗುತ್ತದೆ, ನಮ್ಮಲ್ಲಿರಲಿಲ್ಲ. ನಮ್ಮಲ್ಲಿದ್ದದ್ದು ಗೃಹಪ್ರವೇಶಕ್ಕೆ ಜಲಜಾಳ ಚಿಕ್ಕಪ್ಪ ವೆಂಕಟಸುಬ್ಬಯ್ಯನವರು ಹೆಸರು ಕೆತ್ತಿಸಿ ಕೊಟ್ಟ ಜೋಡಿ ಸ್ಟೀಲ್ ಪಾತ್ರೆ. ಒಂದರಲ್ಲಿ ಜಲಜಾ ಸಾರು ಮಾಡಿಟ್ಟಿದ್ದಳು. ಅವಳು ಸ್ನಾನಕ್ಕೆ ಹೋದಾಗ ನಾನು ಸದ್ದಿಲ್ಲದೆ ಇನ್ನೊಂದನ್ನು ಎತ್ತಿಕೊಂಡು ಬೆಡ್‌ರೂಮಿಗೆ ಹೋಗಿ ಎರಡು ಬಾಟಲಿ ಸುರಿದೆ. ಮೂರೂ ಹೊತ್ತು ಸಂಧ್ಯಾವಂದನೆ ಮಾಡುತ್ತಿದ್ದ ವೆಂಕಟಸುಬ್ಬಯ್ಯನವರ ಹೆಸರು ವೈನಿನ ಸುತ್ತ ಮಿರಮಿರ ಮಿಂಚಿತು.

ಉಸಿರಾಡಲು ಬಿಡುವುದೇನೋ ಸರಿ, ಯಾವ ಗಾಳಿಯಲ್ಲಿ? ಮನುಷ್ಯರಿಗೇ ಉಸಿರಾಡಲು ಆಗದ ಊರಿನಲ್ಲಿ ಪಾಪ ದ್ರಾಕ್ಷಿ ಏನು ಮಾಡೀತು. ಬೆಡ್‌ರೂಮಿನಲ್ಲಿ ನಮ್ಮ ಒಂದೇ ಒಂದು ಏರ್ ಪ್ಯೂರಿಫೈಯರ್ ಇತ್ತು. ಅದರ ಮುಂದೆ ಸ್ಟೂಲು ಹಾಕಿ, ಪಾತ್ರೆ ಇಟ್ಟು, ಯಂತ್ರವನ್ನು ಜೋರಾಗಿ ತಿರುಗಿಸಿದೆ. ಮಗಳು ಹಾಲ್‌ನಲ್ಲಿ ಕೆಮ್ಮುತ್ತಿದ್ದಳು. ವೈನು ಒಳಗೆ ಬೆಟ್ಟದ ಗಾಳಿ ಸೇವಿಸುತ್ತಿತ್ತು.

ಅಷ್ಟರಲ್ಲಿ ಬೀಗರ ಕಾರು ಗೇಟಿಗೆ ಬಂತು ಎಂದು ಫೋನು. ಕಾರು ನಿಲ್ಲಿಸುವ ಜಾಗ ತೋರಿಸಲು ನಾನು ಕೆಳಗೆ ಓಡಿದೆ. ಅವರನ್ನು ಕರೆದುಕೊಂಡು ಮೇಲೆ ಬಂದರೆ, ಪ್ಯೂರಿಫೈಯರ್ ಹಾಲ್‌ಗೆ ಬಂದು ಕೂತಿತ್ತು. ಬಂದವರಿಗೆ ಒಳ್ಳೆ ಗಾಳಿ ಬೇಡವೇ ಎಂದು ಜಲಜಾ ಎಳೆದು ತಂದಿದ್ದಳು. ಬೆಡ್‌ರೂಮಿಗೆ ಇಣುಕಿದೆ, ಸ್ಟೂಲು ಖಾಲಿ. ಊಟದ ಮನೆಗೆ ಇಣುಕಿದೆ. ಗೋಡೆ ಬದಿಯ ಕಪಾಟಿನ ಮೇಲೆ ವೆಂಕಟಸುಬ್ಬಯ್ಯನವರ ಪಾತ್ರೆ, ಅದರೊಳಗೆ ಕಡುಗೆಂಪು. ಬೈದುಕೊಂಡರೂ ಗಂಡನ ಮಾನ ಕಾಯುವವಳು, ತಾನೇ ತಂದು ಇಟ್ಟಿದ್ದಾಳೆ ಎಂದು ನನಗೆ ಹೆಂಡತಿಯ ಮೇಲೆ ಅಪಾರ ಪ್ರೀತಿ ಉಕ್ಕಿತು. ಮೂಗು ಸರಿಯಿದ್ದಿದ್ದರೆ ಆ ಪ್ರೀತಿ ಅಲ್ಲೇ ನಿಲ್ಲುತ್ತಿತ್ತು.

ಶ್ರೀವತ್ಸ ರಾಯರು ಮಿತಭಾಷಿ. ಮನೋರಮಾ ನಗುಮುಖದವರು. ಬಂದವರೇ ಮಾಸ್ಕು ತೆಗೆದು, "ಕ್ಷಮಿಸಿ, ನನಗೆ ಮೂಗು ಪೂರ್ತಿ ಬಂದ್" ಎಂದರು. ಜಲಜಾಳ ಜೊತೆ ಐದು ನಿಮಿಷದಲ್ಲಿ ಹಳೆಯ ಗೆಳತಿಯ ಹಾಗೆ ಬೆರೆತರು, ನಿಹಾರಿಕಾಳ ಗಲ್ಲ ಹಿಡಿದು ಮಾತಾಡಿಸಿದರು. ಹೂಂ ಅವರ ತುಟಿಯ ತುದಿಯಲ್ಲೇ ಇತ್ತು. ಜಲಜಾ ಒಗ್ಗರಣೆಗೆಂದು ಅಡುಗೆಮನೆಗೆ ಹೋದಳು, ಉಳಿದವರು ಊಟಕ್ಕೆ ಕೂತರು, ನಿಹಾರಿಕಾ ಚಪಾತಿ, ಪಲ್ಯ ಬಡಿಸಿದಳು. ಬಾಯಿ ಮುಚ್ಚಿಕೊಂಡು ಉಂಡಿದ್ದರೆ ಕೆಲಸ ಮುಗಿದಿತ್ತು. ನಾನು ಎದ್ದು, ಹೊಸದಾಗಿ ತಂದ ಉದ್ದ ಕಾಲಿನ ಗ್ಲಾಸುಗಳಿಗೆ 'ವೈನು' ಹೊಯ್ದು ಎಲ್ಲರ ಮುಂದಿಟ್ಟೆ.

"ರಾಯರೇ, ನಿಮ್ಮಂಥವರಿಗೆ ನಾನು ಹೇಳಬೇಕಾದ್ದಿಲ್ಲ. ಆದರೂ ನಮ್ಮ ಮನೆ ಅಡುಗೆಗೆ ಹೊಂದೋ ಹಾಗೆ ನಾನೇ ಆರಿಸಿದ ಕೆಂಪು ವೈನ್. ಬೆಳಿಗ್ಗೆಯಿಂದ ಶುದ್ಧ ಗಾಳಿಯಲ್ಲಿ ಉಸಿರಾಡಿದೆ. ದೆಹಲಿಯಲ್ಲಿ ಆ ಭಾಗ್ಯ ಯಾರಿಗಿದೆ ಹೇಳಿ."

ರಾಯರು ಗ್ಲಾಸನ್ನೇ ನೋಡುತ್ತಿದ್ದರು. ನಾನು ನನ್ನದನ್ನು ಎತ್ತಿ ತಿರುಗಿಸಿ, ಮುಚ್ಚಿದ ಮೂಗನ್ನು ಒಳಗಿಳಿಸಿ, ಒಂದು ಗುಟುಕು ತೆಗೆದುಕೊಂಡು ಕಣ್ಣು ಮುಚ್ಚಿದೆ.

"ಮೊದಲು ಹುಳಿ. ಅಳುಕದ, ಧೈರ್ಯದ ಹುಳಿ. ಹಿಂದೆಯೇ ಸ್ವಲ್ಪ ಸಿಹಿ, ಕಬ್ಬಿನ ಗದ್ದೆಯ ನೆನಪು. ಆಮೇಲೆ ಒಂಚೂರು ಉಪ್ಪು. ಇದು ಸಮುದ್ರತೀರದ ತೋಟದ ದ್ರಾಕ್ಷಿ ಅಂತ ಇಲ್ಲೇ ಗೊತ್ತಾಗುತ್ತೆ. ಕೊನೆಗೆ ಗಂಟಲಲ್ಲಿ ಒಂದು ಉರಿ. ಇದನ್ನ ಫಿನಿಶ್ ಅಂತಾರೆ. ಬಹಳ ಹೊತ್ತು ಉಳಿಯೋ ಫಿನಿಶ್."

ಫಿನಿಶ್ ಎಷ್ಟು ಹೊತ್ತು ಉಳಿಯಿತೆಂದರೆ ನಾನು ಕೆಮ್ಮಿ ಕೆಮ್ಮಿ ಕುರ್ಚಿ ಹಿಡಿದುಕೊಳ್ಳಬೇಕಾಯಿತು. ಕಣ್ಣು ಬಿಟ್ಟಾಗ ಮನೋರಮಾ ಅವರ ಮುಖದ ನಗು ಹೋಗಿತ್ತು.

"ರೀ, ಗ್ಲಾಸಿನಿಂದ ಕೈ ತೆಗೀರಿ," ಎಂದರು ಗಂಡನಿಗೆ. ಆಮೇಲೆ ನನ್ನತ್ತ ತಿರುಗಿದರು. "ಏಕನಾಥ ಅವರೇ, ಮೊದಲೇ ಹೇಳಬೇಕಿತ್ತು, ನಾಚಿಕೆಗೆ ಹೇಳಲಿಲ್ಲ. ಅಲ್ಲಿ ಕೊನೇ ಪೋಸ್ಟಿಂಗಿನಲ್ಲಿ ಒಂದು ಪಾರ್ಟಿ. ಇವರು ನಾಲ್ಕು ಗ್ಲಾಸು ಏರಿಸಿ, ರಾಯಭಾರಿಗಳ ಹೆಂಡತಿಯನ್ನ 'ಅಕ್ಕಾ, ಅಕ್ಕಾ' ಅಂತ ಕರೆದು ಅವರ ಸೆರಗು ಹಿಡ್ಕೊಂಡು ಅತ್ತರು. ಏರಿತು ಅಂದ್ರೆ ಇವರಿಗೆ ಹೆಂಗಸರೆಲ್ಲ ಅಕ್ಕಂದಿರೇ. ಮಾರನೇ ದಿನ ನನ್ನ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದ್ದಾರೆ. ಬಾಟ್ಲಿ ತೆಗೆಯೋ ಮನೆಯಲ್ಲಿ ಬೀಗತನ ಬೇಡ ಅಂತ ನಾನೂ ಆವತ್ತೇ ತೀರ್ಮಾನ ಮಾಡಿದ್ದೀನಿ. ನಿಹಾರಿಕಾ ಬಹಳ ಒಳ್ಳೇ ಹುಡುಗಿ. ಆದರೆ ಕ್ಷಮಿಸಿ. ಏಳಿ, ಹೋಗೋಣ."

ಕುರ್ಚಿ ಹಿಂದಕ್ಕೆ ಸರಿಯಿತು. ನಿಹಾರಿಕಾಳ ಕಣ್ಣು ತುಂಬಿ ಬಂತು.

"ಖುಷ್ ಹೋ ಗಯೇ ಪಪ್ಪಾ? ಇದೇ ಬೇಕಿತ್ತಲ್ಲ ನಿಮಗೆ?" ಎಂದವಳೇ ಅವಳು ಸಿಟ್ಟಿನಲ್ಲಿ ನನ್ನ ಗ್ಲಾಸನ್ನು ಕಿತ್ತುಕೊಂಡು, ಮುಂದೆ ಅತ್ತೆಯಾಗಬೇಕಿದ್ದವರ ಎದುರಿಗೇ ಗಟಗಟನೆ ಕುಡಿದಳು. ಕುಡಿದವಳು ನಿಂತಳು. ತುಟಿ ನೆಕ್ಕಿಕೊಂಡಳು.

"ಪಪ್ಪಾ, ಯೇ ತೋ ಸಾರು ಹೈ."

ಮನೋರಮಾ ಅನುಮಾನದಿಂದ ತಮ್ಮ ಗ್ಲಾಸನ್ನು ತುಟಿಗೆ ಮುಟ್ಟಿಸಿದರು. ಇನ್ನೊಂದು ಗುಟುಕು ಕುಡಿದರು. "ಕೋಕಂ," ಎಂದರು. "ಬೆಲ್ಲ. ಉಪ್ಪು. ಹಸಿಮೆಣಸಿನಕಾಯಿ." ಮತ್ತೆ ಕುರ್ಚಿಯಲ್ಲಿ ಕೂತು, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಅಯ್ಯೋ ಏಕನಾಥ ಅವರೇ, ಎಷ್ಟು ಚೆನ್ನಾಗಿ ನಾಟಕ ಆಡಿದಿರಿ. ಸಮುದ್ರತೀರದ ದ್ರಾಕ್ಷಿ ಅಂತೆ, ಕಬ್ಬಿನ ಗದ್ದೆ ಅಂತೆ. ಅಲ್ಲಿ ಪಾರ್ಟಿಗಳಲ್ಲಿ ಥೇಟ್ ಹೀಗೇ ಮಾತಾಡ್ತಿದ್ದರು ಮೂರ್ಖರು."

ನನ್ನ ಮುಂದೆ ಎರಡು ದಾರಿಗಳಿದ್ದವು. ನಾನೂ ಅಂಥ ಒಬ್ಬ ಮೂರ್ಖ ಎಂದು ಒಪ್ಪಿಕೊಳ್ಳುವುದು, ಅಥವಾ ಮಹಾನಟ ಎಂದು ಒಪ್ಪಿಕೊಳ್ಳುವುದು. "ಹೆಹ್ಹೆ, ಈ ವೈನ್ ಹುಚ್ಚರನ್ನ ಸ್ವಲ್ಪ ಆಡಿಕೊಳ್ಳೋಣ ಅಂತ," ಎಂದೆ. ನನ್ನನ್ನು ನಾನೇ ಆಡಿಕೊಂಡು ಮಗಳ ಮದುವೆ ಉಳಿಸಿಕೊಂಡೆ. ಎಲ್ಲರೂ ನಕ್ಕರು. ಶ್ರೀವತ್ಸ ರಾಯರು ಮಾತ್ರ ಗ್ಲಾಸಿನಲ್ಲಿದ್ದ ಸಾರನ್ನು ಒಂದು ಸಲ ನೋಡಿ ನಿಟ್ಟುಸಿರುಬಿಟ್ಟರು.

ನಗುತ್ತಿದ್ದ ನನಗೆ ಆಗ ಒಂದು ಪ್ರಶ್ನೆ ಎದ್ದಿತು. ಸಾರು ಗ್ಲಾಸಿನಲ್ಲಿದ್ದರೆ, ವೈನು ಎಲ್ಲಿ? ಉಪ್ಪು ತರುವ ನೆಪದಲ್ಲಿ ಅಡುಗೆಮನೆಗೆ ಓಡಿದೆ. ಒಗ್ಗರಣೆಯ ಚಟಪಟದಲ್ಲಿ ಹೊರಗಿನ ಗಲಾಟೆ ಒಂದೂ ಕೇಳಿಸಿಕೊಳ್ಳದ ಜಲಜಾ ಒಗ್ಗರಣೆ ಸೌಟು ತೊಳೆಯುತ್ತಿದ್ದಳು.

"ಜಲಜಾ, ಬೆಡ್‌ರೂಮಿನಲ್ಲಿ ಸ್ಟೂಲಿನ ಮೇಲೊಂದು ಪಾತ್ರೆ ಇತ್ತಲ್ಲ?"

"ಕೇಳಬೇಕು ಅಂತಿದ್ದೆ. ಇಲ್ಲಿ ಜಾಗ ಇಲ್ಲ ಅಂತ ನಾನು ಸಾರನ್ನು ಕಪಾಟಿನ ಮೇಲೆ ಇಟ್ಟಿದ್ದರೆ, ನೀವು ಅದನ್ನು ಎತ್ತಿಕೊಂಡು ಹೋಗಿ ಮಷೀನಿನ ಗಾಳಿಗೆ ಎಂತಕ್ಕೆ ಇಟ್ಟದ್ದು?"

"ಅದನ್ನ ಏನು ಮಾಡಿದೆ?"

"ಎಂತ ಮಾಡ್ತಾರೆ? ಬೆಚ್ಚಗೆ ಮಾಡಿ ಒಗ್ಗರಣೆ ಹಾಕಿದೆ. ತುಪ್ಪ, ಸಾಸಿವೆ, ಇಂಗು, ಕರಿಬೇವು."

"ಜಲಜಾ, ಅದು ಸಾರಲ್ಲ."

"ಮತ್ತೆಂತ?"

"ಅದು ಉಸಿರಾಡ್ತಿತ್ತು."

ಅವಳು ಸೌಟು ಕೆಳಗಿಟ್ಟಳು. "ಚಿಕ್ಕಪ್ಪನ ಪಾತ್ರೆಯಲ್ಲಿ?"

"ಹೂಂ."

"ದೇವರ ಗೂಡಿನ ಕೆಳಗೆ ಇಟ್ಟು ಒಗ್ಗರಣೆ ಹಾಕಿದ್ದೇನಲ್ಲ ಮಾರಾಯ್ರೆ."

"ದೇವರಿಗೆ ಆಮೇಲೆ ಹೇಳೋಣ. ಮೊದಲು ಅದನ್ನ ಚೆಲ್ಲು."

ಇಬ್ಬರೂ ಒಲೆಯತ್ತ ತಿರುಗಿದೆವು. ಒಲೆಯ ಮೇಲೆ ಏನೂ ಇರಲಿಲ್ಲ. ಹೊರಗಿನಿಂದ ನಿಹಾರಿಕಾಳ ಧ್ವನಿ ಕೇಳಿತು. "ಅಂಕಲ್, ಅನ್ನಕ್ಕೆ ಬಿಸಿ ಬಿಸಿ ಸಾರು."

"ಕುಡಿಯಲ್ಲ ಅಂತ ರಾಯರು ಹೆಂಡತಿಗೆ ಆಣೆ ಮಾಡಿದ್ದಾರಂತೆ. ಹೇಳಿದರೆ ಮದುವೆ ಹೋಯ್ತು," ಎಂದೆ ನಾನು.

"ಹೇಳದಿದ್ದರೆ ಅವರ ಆಣೆ ಹೋಯ್ತು," ಎಂದಳು ಜಲಜಾ.

ಇಬ್ಬರೂ ಒಟ್ಟಿಗೆ ಹೊರಗೆ ಓಡಿದೆವು. ಆಗಲೇ ರಾಯರು ಅನ್ನ ಕಲಸಿ ಮೊದಲ ತುತ್ತು ಬಾಯಿಗಿಟ್ಟಿದ್ದರು. ಅವರ ದವಡೆ ನಿಂತಿತು. ತಟ್ಟೆಯನ್ನು ನೋಡಿದರು. ನನ್ನನ್ನು ನೋಡಿದರು. ಮತ್ತೆ ತಟ್ಟೆಯನ್ನು ನೋಡಿದರು. ಆಮೇಲೆ ಕಣ್ಣು ಮುಚ್ಚಿ ನಿಧಾನವಾಗಿ ನುಂಗಿದರು.

"ಇನ್ನೊಂದು ಸೌಟು ಹಾಕಮ್ಮ," ಎಂದರು ನಿಹಾರಿಕಾಳಿಗೆ. ಮನೆಗೆ ಬಂದ ಮೇಲೆ ಅವರು ಆಡಿದ ಅತಿ ಉದ್ದದ ಮಾತು ಅದು.

"ಸಾರು ಬೇಡ ರಾಯರೇ, ಇವತ್ತು ಸ್ವಲ್ಪ ಕೆಟ್ಟಿದೆ. ಮೊಸರು ಹಾಕ್ತೇವೆ," ಎಂದು ಜಲಜಾ ಕೈ ಚಾಚಿದಳು. ನಮ್ಮಲ್ಲಿ ತಟ್ಟೆಗೆ ಕೈ ಅಡ್ಡ ಹಿಡಿಯುವುದು ಸಾಕು ಎನ್ನಲು. ರಾಯರು ಎರಡೂ ಕೈ ಅಡ್ಡ ಹಿಡಿದದ್ದು ಯಾರೂ ತಟ್ಟೆಯನ್ನು ಒಯ್ಯದಿರಲಿ ಎಂದು.

"ಇವರು ಮನೇಲಿ ಸಾರು ಅಂದ್ರೆ ಮೂಗು ಮುರೀತಾರೆ," ಎಂದು ಮನೋರಮಾ ಬೆರಗಾದರು. "ನನಗೆ ಮಾತ್ರ ಬೇಡಮ್ಮ, ಗ್ಲಾಸಿನಲ್ಲೇ ಆಯ್ತಲ್ಲ. ನನಗೆ ಮೊಸರನ್ನ ಸಾಕು. ಏಕನಾಥ ಅವರೇ, ನೀವು ಹಾಕಿಸಿಕೊಳ್ಳಿ, ಸುಮ್ಮನೆ ಕೂತಿದ್ದೀರಿ."

ಹಾಕಿಸಿಕೊಂಡೆ. ಅನ್ನದ ಮೇಲೆ ಬೆಚ್ಚಗಿನ ವೈನು, ವೈನಿನ ಮೇಲೆ ತುಪ್ಪ, ತುಪ್ಪದ ಮೇಲೆ ಸಿಡಿದ ಸಾಸಿವೆ. ಇಷ್ಟು ಭಾನುವಾರಗಳಿಂದ ನಾನು ಹುಡುಕುತ್ತಿದ್ದ ಪೇರಿಂಗ್ ಕೊನೆಗೂ ನನ್ನ ತಟ್ಟೆಯಲ್ಲೇ ಆಗಿತ್ತು. ಮನೋರಮಾ ನೋಡುತ್ತಿದ್ದರು. ನಗುತ್ತ ನುಂಗಿದೆ. ಅದರ ರುಚಿಯನ್ನು ವರ್ಣಿಸಲು ಕಪ್ಪು ಕೋಟು ನನಗೆ ಮಾತು ಕಲಿಸಿರಲಿಲ್ಲ.

ರಾಯರು ಮೂರನೆಯ ಸಲ ಹಾಕಿಸಿಕೊಂಡರು. ನಾಲ್ಕನೆಯ ಸಲಕ್ಕೆ ಅನ್ನ ಬೇಡ, ಬರೀ ಸಾರು ಸಾಕು ಎಂದರು. ಅವರ ಕಿವಿ ಕೆಂಪಾಗಿತ್ತು, ಕಣ್ಣು ಒದ್ದೆಯಾಗಿತ್ತು. ಜಲಜಾ ಪಾತ್ರೆಯನ್ನು ಮೆಲ್ಲಗೆ ಮೇಜಿನಿಂದ ಸರಿಸುತ್ತಿದ್ದಳು. ಅವರು ಅವಳತ್ತ ಮುಖ ಎತ್ತಿದರು.

"ಅಕ್ಕಾ, ತಳದಲ್ಲಿ ಇನ್ನೂ ಸ್ವಲ್ಪ ಇದೆಯಲ್ಲ."

ಜಲಜಾ ಅವರಿಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು. ಮನೋರಮಾ ಅವರ ಚಮಚ ಪಾಯಸದ ಬಟ್ಟಲಿನಲ್ಲೇ ನಿಂತಿತು.

"ಏನಂದ್ರಿ?"

"ಅಕ್ಕನ ನೆನಪಾಯ್ತು ಮನೂ," ಎಂದು ರಾಯರು ಕಣ್ಣೊರೆಸಿಕೊಂಡರು. "ನಮ್ಮ ಅಕ್ಕ ಹೀಗೇ ಸಾರು ಮಾಡ್ತಿದ್ದಳು."

"ನಿಮಗೆ ಅಕ್ಕ ಇಲ್ಲವಲ್ಲ."

ನಿಹಾರಿಕಾ ನನ್ನ ಮುಖ ನೋಡಿದಳು, ಆಮೇಲೆ ಪಾತ್ರೆ ನೋಡಿದಳು, ಅವಳಿಗೆ ಎಲ್ಲವೂ ಹೊಳೆದದ್ದು ನನಗೆ ಕಾಣಿಸಿತು. ಮನೋರಮಾ ಎದ್ದು ಗಂಡನ ಬಾಯಿಯ ಹತ್ತಿರ ಮುಖ ತಂದು, ಮೂಗಿನಿಂದ ಜೋರಾಗಿ ಉಸಿರು ಎಳೆದರು. ನನ್ನ ಮಗಳ ಮದುವೆ ಆ ಎರಡು ಹೊಳ್ಳೆಗಳ ನಡುವೆ ತೂಗಾಡಿತು. ಸೊರ ಸೊರ ಸದ್ದಾಯಿತು, ಉಸಿರು ಒಳಗೆ ಹೋಗಲಿಲ್ಲ. ಇನ್ನೊಮ್ಮೆ ಎಳೆದರು.

"ಹಾಳು ಮೂಗು, ಏನೂ ಗೊತ್ತಾಗಲ್ಲ," ಎಂದರು.

ವರ್ಷವಿಡೀ ದೆಹಲಿಯ ಹೊಗೆಯನ್ನು ಬೈದ ನಾನು ಆ ಕ್ಷಣ ಅದಕ್ಕೆ ಮನಸ್ಸಿನಲ್ಲೇ ಕೈ ಮುಗಿದೆ.

ಮಾನ ಉಳಿಸಿದವಳು ಜಲಜಾ. "ಪಾಪ, ಒಗ್ಗರಣೆಗೆ ಮೆಣಸು ಜಾಸ್ತಿ ಬಿದ್ದಿದೆ, ಕಣ್ಣಲ್ಲಿ ನೀರು ಬಂತು ಅವರಿಗೆ. ಅಕ್ಕ ಇಲ್ಲದಿದ್ದರೆ ಎಂತ, ಇವತ್ತಿನಿಂದ ನಾನು ಉಂಟಲ್ಲ," ಎಂದಳು. ರಾಯರು ಇದನ್ನು ಕೇಳಿ ಬಿಕ್ಕಿ ಬಿಕ್ಕಿ ಅತ್ತರು.

ಮನೋರಮಾ ಗಂಡನ ಕೈಗೆ ನೀರಿನ ಲೋಟ ಕೊಟ್ಟರು. ಅವರ ಮುಖ ಮೆತ್ತಗಾಯಿತು. "ರಿಟೈರ್ ಆದಮೇಲೆ ಇವರು ಮೇಜಿನ ಮುಂದೆ ಕೂತು ಇಷ್ಟು ಸಂತೋಷವಾಗಿ ಉಂಡದ್ದು ನಾನು ನೋಡೇ ಇಲ್ಲ. ಮನೇಲಿ ಪೇಪರ್ ಓದಿಕೊಂಡು ಏನು ಹಾಕಿದರೂ ತಿಂದು ಏಳ್ತಾರೆ. ಈ ಮನೆ ನಮಗೆ ಒಪ್ಪಿಗೆ ಜಲಜಾ. ಹೂಂ." ನಿಹಾರಿಕಾಳ ಕೈ ಹಿಡಿದುಕೊಂಡರು. "ಒಂದೇ ಮಾತು ಮಗಳೇ. ಬರೋವಾಗ ಅಮ್ಮನ ಹತ್ತಿರ ಆ ಸಾರು ಕಲಿತು ಬಾ."

"ಆ ಸಾರು ನನಗೆ ಬರುವುದಿಲ್ಲ," ಎಂದಳು ಜಲಜಾ ನನ್ನನ್ನೇ ನೋಡುತ್ತ. "ಅದು ಇವರ ಕೈಗುಣ."

ಅರಿಶಿನ ಕುಂಕುಮಕ್ಕೆಂದು ಹೆಂಗಸರು ಒಳಗೆ ಹೋದರು. ನಾನು ರಾಯರ ತೋಳು ಹಿಡಿದು ಲಿಫ್ಟಿನ ತನಕ ನಡೆಸಿಕೊಂಡು ಬಂದೆ. ಮನಸ್ಸು ತಡೆಯಲಿಲ್ಲ.

"ರಾಯರೇ, ಗೊತ್ತಿಲ್ಲದೆ ದೊಡ್ಡ ತಪ್ಪಾಯಿತು. ನನ್ನಿಂದ ನಿಮ್ಮ ಆಣೆ..."

ಅವರು ಬೆರಳು ತುಟಿಗಿಟ್ಟು ಸುತ್ತ ನೋಡಿದರು. "ಆಣೆಗೆ ಏನೂ ಆಗಿಲ್ಲ ಏಕನಾಥ್. ಕುಡಿಯಲ್ಲ ಅಂತ ಆಣೆ ಮಾಡಿದ್ದೀನಿ. ಅನ್ನಕ್ಕೆ ಕಲಸಿಕೊಂಡು ಉಣ್ಣಲ್ಲ ಅಂತ ನಾನು ಎಲ್ಲೂ ಹೇಳಿಲ್ಲ. ನೀವೂ ಸರ್ಕಾರಿ ನೌಕರರು, ರೂಲ್ ಅಂದ್ರೆ ರೂಲ್."

ನನ್ನ ಎದೆಯ ಭಾರ ಇಳಿಯಿತು. ಇಳಿದ ಜಾಗಕ್ಕೆ ಹಳೆಯ ಹೆಮ್ಮೆ ಮೆಲ್ಲಗೆ ಬಂದು ಕೂತಿತು. ಹತ್ತು ವರ್ಷ ಯುರೋಪಿನಲ್ಲಿ ಕುಡಿದು ಬಂದವರು ನಾನು ಆರಿಸಿದ ವೈನನ್ನು ನಾಲ್ಕು ಸಲ ಹಾಕಿಸಿಕೊಂಡಿದ್ದರು. ಕೇಳಬಾರದಿತ್ತು, ಕೇಳಿದೆ.

"ಹಾಗಾದರೆ ವೈನ್ ಹೇಗಿತ್ತು ರಾಯರೇ?"

ಲಿಫ್ಟಿನ ಬಾಗಿಲು ತೆರೆಯಿತು. ರಾಯರು ಕಣ್ಣೊರೆಸಿಕೊಂಡು, ನನ್ನ ಹೆಗಲು ತಟ್ಟಿ ಹೇಳಿದರು.

"ವೈನ್ ತೀರಾ ಸಾಧಾರಣ ಕಣ್ರೀ. ಅಕ್ಕ ಒಗ್ಗರಣೆ ಹಾಕಿದ್ದಕ್ಕೆ ಗಂಟಲಲ್ಲಿ ಇಳೀತು."